ಭಾನುವಾರ ಬದಲಾದ ಮಣ್ಣು

ಜೂನ್ 3, ಸೋಮವಾರ, ಬೆಳಿಗ್ಗೆ ಒಂಬತ್ತು. ಜಪಾನಿನ ಇಚಿಕಾವಾ ಪೊಲೀಸ್ ಠಾಣೆಗೆ ಬಂದ ತಕೆನಾಕಾ ಎಂಬ ಹೆಂಗಸಿನ ದೂರು ಕೇಳಿ ಇನ್‌ಸ್ಪೆಕ್ಟರ್ ಮೊರಿಕಾವಾಗೆ ನಗಬೇಕೋ ಬರೆದುಕೊಳ್ಳಬೇಕೋ ತಿಳಿಯಲಿಲ್ಲ.

"ಎದುರಿನ ಶಿಶುವಿಹಾರದ ಅಂಗಳಾನ ಯಾರೋ ಪ್ರತಿ ಭಾನುವಾರ ಅಗೀತಾರೆ. ಹೆಲ್ಮೆಟ್ ಹಾಕ್ಕೊಂಡು, ನನ್ನ ಕಂಡ್ರೆ ತಲೆ ಬಾಗಿಸಿ ಸುಮಿಮಾಸೆನ್, ಕ್ಷಮಿಸಿ ಅಂತಾರೆ."

"ತಪ್ಪೇನು ಅದ್ರಲ್ಲಿ?"

"ಕೆಲಸಕ್ಕೆ ಮುಂಚೆ ನಮ್ಮನೆಗೆ ಬಂದು ಹೇಳ್ಲಿಲ್ಲ. ಒಂದು ಟವೆಲ್ಲೂ ಕೊಡ್ಲಿಲ್ಲ."

ಮೊರಿಕಾವಾನ ನಗು ಅಲ್ಲಿಗೇ ನಿಂತಿತು. ಈ ಊರಿನಲ್ಲಿ ಚರಂಡಿಯ ಮುಚ್ಚಳ ಬದಲಿಸುವವರೂ ಮೊದಲು ನೆರೆಮನೆಗಳ ಬಾಗಿಲಿಗೆ ಹೋಗಿ, ಟವೆಲ್ ಕೊಟ್ಟು, ಆಗಲಿರುವ ತೊಂದರೆಗೆ ಕ್ಷಮೆ ಕೇಳುತ್ತಾರೆ. ಆ ರಿವಾಜು ತಪ್ಪಿದೆಯೆಂದರೆ ಅದು ಕಂಪನಿಯ ಕೆಲಸವಲ್ಲ, ಕದ್ದು ಮಾಡುವ ಕೆಲಸ.

ಶಿಶುವಿಹಾರದ ಬೇಲಿಯಾಚೆ ಹಳೆಯ ಟೈರುಗಳ ದಾಸ್ತಾನು ಕಳೆದ ವರ್ಷ ಹೊತ್ತಿ ಉರಿದಿತ್ತು. ಕರಗಿದ ರಬ್ಬರಿನ ಎಣ್ಣೆ ಕುಡಿದ ಮಣ್ಣನ್ನು ಗುತ್ತಿಗೆ ಕಂಪನಿಯೊಂದು ಈಗಲೂ ತೋಡಿ ಸಾಗಿಸುತ್ತಿತ್ತು. ಶಿಶುವಿಹಾರದ ಅಂಗಳದ ಮಣ್ಣು ಮಾತ್ರ ಪರೀಕ್ಷೆಯಲ್ಲಿ ಪಾಸಾಗಿತ್ತು. ಪಾಸಾದ ಮಣ್ಣನ್ನು ಯಾರು, ಯಾಕೆ ಅಗೆಯಬೇಕು? ಈ ಪ್ರಶ್ನೆ ಮೊರಿಕಾವಾನನ್ನು ಕೂತಲ್ಲಿ ಕೂರಲು ಬಿಡಲಿಲ್ಲ.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಕಾನ್‌ಸ್ಟೇಬಲ್ ನಿಶಿದಾ ಸಲಿಕೆ ಹಾಕಿದಳು. ಮೇಲೆ ಹೊಸ ಕೆಂಪು ಮಣ್ಣು, ಅದರ ಕೆಳಗೆ ಕರೀ ಮಣ್ಣು. ಮೂಗಿಗೆ ಸುಟ್ಟ ಟೈರಿನ ಘಾಟು ಬಡಿಯಿತು. ಈಶಾನ್ಯ ಮೂಲೆಯಲ್ಲಿ, ಹೊಸ ಮಣ್ಣಿನಡಿ, ಹಳದಿ ಬಣ್ಣದ ಅಕ್ಕಿ ಕಾಳುಗಳು ಸಿಕ್ಕವು. ಒಳಗಿಂದ ಮಕ್ಕಳ ಹಾಡು ಕೇಳುತ್ತಿತ್ತು. ಅಂಗಳಕ್ಕೆ ಯಾರನ್ನೂ ಬಿಡಬೇಡಿ ಎಂದು ಶಿಶುವಿಹಾರದವರಿಗೆ ಹೇಳಿ, ಮೊರಿಕಾವಾ ಕಾಳುಗಳನ್ನು ನಿಲ್ದಾಣದ ಬಳಿ ಭಾರತೀಯ ದಿನಸಿ ಅಂಗಡಿ ನಡೆಸುವ ಯಾಮಿನಿಯ ಮುಂದಿಟ್ಟ.

"ಇದು ಅಕ್ಷತೆ, ಮೊರಿಕಾವಾ ಸಾನ್. ಭೂಮಿ ಅಗಿಯೋ ಮುಂಚೆ ನಾವು ಪೂಜೆ ಮಾಡಿ ಹಾಕ್ತೀವಿ. ನಿಮ್ಮಲ್ಲೂ ಮಾಡ್ತಾರಲ್ಲ?"

"ಮಾಡ್ತಾರೆ. ಕಳ್ಳರು ಮಾಡಲ್ಲ."

ಗುತ್ತಿಗೆ ಕಂಪನಿಯಲ್ಲಿ ಭಾರತೀಯನೆಂದರೆ ಒಬ್ಬನೇ, ಮೈಸೂರಿನ ಭುವನ್. ಪರೀಕ್ಷೆಗೆ ಮಣ್ಣಿನ ಮಾದರಿ ತೆಗೆಯುವ ಎಂಜಿನಿಯರ್. ಬೇಲಿಯ ಗೇಟಿನ ಬೀಗದ ಕೈಯೂ ಅವನ ಬಳಿಯೇ ಇತ್ತು. ನಾಲ್ಕು ವರ್ಷದ ಮಗಳು ತಾರಾ ಅದೇ ಶಿಶುವಿಹಾರದಲ್ಲಿದ್ದಳು.

ಸಂಜೆ ಆರಕ್ಕೆ ವಾರಂಟ್ ಸಮೇತ ಮನೆಯ ಬೆಲ್ ಒತ್ತಿದಾಗ ಭುವನ್ ತಾನೇ ಬಾಗಿಲು ತೆರೆದ. ಪೊಲೀಸರನ್ನು ಕಂಡು ಅವನ ಹೆಗಲು ಇಳಿಯಿತು. ಭಾರ ಇಳಿಸಿದವನ ಹಾಗೆ ಕಂಡ.

"ಪರೀಕ್ಷೆಗೆ ಕಳಿಸಿದ ಮಣ್ಣು ಎಲ್ಲಿಯದು?"

"ಪಾರ್ಕಿಂದು."

"ಯಾಕೆ?"

"ಅಂಗಳದ ಮಣ್ಣು ಫೇಲ್ ಆದ್ರೆ ಶಿಶುವಿಹಾರ ಒಂದು ವರ್ಷ ಕ್ಲೋಸ್. ಆ ಸೀಟಿಗೆ ಎರಡು ವರ್ಷ ಕಾದಿದ್ವಿ. ನನ್ನ ಹೆಂಡತಿ ಸಿಂಧೂರಾ ಮತ್ತೆ ಕೆಲಸ ಬಿಡ್ಬೇಕಿತ್ತು. ನಾನೇ ತೆಗೆದು ಬಿಡ್ತೀನಿ ಅಂದ್ಕೊಂಡೆ. ಕೆಟ್ಟ ಮಣ್ಣನ್ನ ಟೈರಿನ ಮಣ್ಣಿನ ರಾಶಿಗೇ ಹಾಕ್ತಿದ್ದೆ."

"ಎಷ್ಟು ಆಳ ತೆಗೆದಿರಿ?"

"ಮೊಣಕೈ ಆಳ."

"ಎಣ್ಣೆ ಎಲ್ಲೀವರೆಗೆ ಇಳಿದಿದೆ?"

"ಇನ್ನೂ ಕೆಳಕ್ಕೆ," ಎಂದ ಭುವನ್. ತಾರಾಳ ಕೈ ಹಿಡಿದು ಹಿಂದೆ ನಿಂತಿದ್ದ ಸಿಂಧೂರಾ ಕನ್ನಡದಲ್ಲಿ ಕೇಳಿದಳು. ಮೊರಿಕಾವಾಗೆ ಮಾತು ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು.

"ಗೊತ್ತಿದ್ದೂ ಇವಳನ್ನ ದಿನಾ ಅಲ್ಲಿಗೇ ಬಿಟ್ಟು ಬರ್ತಿದ್ರಾ?"

"ನಮ್ಮ ಮಗೂನ ಮಾತ್ರ ಬಿಡಿಸ್ಕೊಂಡಿದ್ರೆ, ಮಿಕ್ಕ ಮಕ್ಕಳ ಮುಖ ಹೆಂಗೆ ನೋಡ್ಲಿ, ಸಿಂಧೂ?"

"ಮತ್ತೆ ಇವಳ ಮುಖ ಹೆಂಗೆ ನೋಡ್ತಿದ್ರಿ!"

ಆರೂ ಇಪ್ಪತ್ತಕ್ಕೆ ಬಂಧನವಾಯಿತು. ಸುಳ್ಳು ವರದಿ, ಅಕ್ರಮ ಪ್ರವೇಶ. ಕೆಟ್ಟವನಲ್ಲ, ಆದರೆ ಒಂದು ಸೀಟು ಉಳಿಸಲು ಹೋಗಿ ಮಕ್ಕಳನ್ನೆಲ್ಲ ವಿಷದ ಮೇಲೆ ಆಡಲು ಬಿಟ್ಟವನು. ಮೊರಿಕಾವಾಗೆ ಅವನ ಮೇಲೆ ಸಿಟ್ಟು ಬಂತು, ಮರುಕವೂ ಬಂತು. ಎರಡೂ ಒಂದನ್ನೊಂದು ಕಡಿಮೆ ಮಾಡಲಿಲ್ಲ.

ಮೆಟ್ಟಿಲಿಳಿಯುವಾಗ ಒಳಗೆ ನಲ್ಲಿ ಸುರಿಯುವ ಸದ್ದು ಕೇಳಿತು. ಸಿಂಧೂರಾ ಮಗಳ ಕೈಗಳನ್ನು ಸೋಪು ಹಾಕಿ ತಿಕ್ಕುತ್ತಿದ್ದಳು.

"ಇತಾಯ್, ಅಮ್ಮಾ! ನೋಯತ್ತೆ!"

ಭುವನ್ ಮೆಟ್ಟಿಲ ಮೇಲೆ ನಿಂತುಬಿಟ್ಟ. ನಲ್ಲಿ ನಿಲ್ಲಲಿಲ್ಲ.