ಕೆಂಪನಂಜಪ್ಪನ ಎಡಗೈ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಧನಗೆರೆಯ ಗುರುಬಸಮ್ಮ ಠಾಣೆಗೆ ಬಂದು, ಗಂಡ ಕೆಂಪನಂಜಪ್ಪ ಕಾಣೆಯಾಗಿದ್ದಾನೆಂದು ದೂರು ಕೊಟ್ಟಳು. ಅವನು ಗಡಿ ಕಾಡಿನ ವಿಶೇಷ ಪೊಲೀಸ್ ದಳದ ಮುಖ್ಯಸ್ಥ ಶಿವಕುಮಾರಸ್ವಾಮಿಯ ಜೀಪ್ ಡ್ರೈವರ್. ಆ ಹೆಸರು ಕೇಳುತ್ತಲೇ ಇನ್‌ಸ್ಪೆಕ್ಟರ್ ಬಸವಕುಮಾರ ಪೆನ್ನು ಕೆಳಗಿಟ್ಟ.

"ಸಾಹೇಬ್ರು ತಮಿಳುನಾಡಿಗೆ ಓಡೋಗವ್ನೆ ಅಂತಾರೆ. ಸುಳ್ಳು ಸಾ."

"ಹೇಗೆ ಹೇಳ್ತೀರಮ್ಮ?"

"ಶಿವದಾರ ಕಿತ್ತೋಗಿತ್ತು. ಬಂದ್ ಕಟ್ಕತೀನಿ ಅಂತ ಲಿಂಗವ ದೇವ್ರ ಗೂಡಲ್ಲಿ ಇಟ್ಟೋದ್ರು. ಲಿಂಗಪೂಜೆ ಇಲ್ದೆ ಒಂದೊತ್ತೂ ಉಣ್ಣೋರಲ್ಲ. ಅದ ಬುಟ್ಟು ಎಲ್ಲಿಗೋದಾರು?"

ಎಫ್‌ಐಆರ್ ದಾಖಲಾಯಿತು. ಶಾಯಿ ಆರುವ ಮೊದಲೇ ಯಳಂದೂರಿನಿಂದ ಶಿವಕುಮಾರಸ್ವಾಮಿಯ ಫೋನ್ ಬಂತು.

"ನಿನ್ನ ತಂಗಿ ನಾಗಶ್ರೀ ಚೆನ್ನಾಗಿದ್ದಾಳೇನಪ್ಪ?"

ಅಷ್ಟೇ. ಆತ ಗದರುವವನಲ್ಲ, ಒಂದಕ್ಷರ ಬರೆದಿಡುವವನೂ ಅಲ್ಲ. ಎಲ್ಲರ ಮನೆಯ ಗುಟ್ಟನ್ನೂ ತಲೆಯಲ್ಲೇ ಇಟ್ಟುಕೊಂಡು, ಅದನ್ನೇ ಮೆಟ್ಟಿಲು ಮಾಡಿಕೊಂಡು ಮೇಲೆ ಬಂದ ಮಹಾನುಭಾವ. ನಾಗಶ್ರೀ ಮದುವೆಗೆ ಮೊದಲು ಒಬ್ಬನ ಜೊತೆ ಮನೆ ಬಿಟ್ಟು ಹೋಗಿದ್ದಳು. ಹುಡುಕಿ ತಂದು, ಸುದ್ದಿ ಹೊರಬೀಳದಂತೆ ನೋಡಿಕೊಂಡವನು ಶಿವಕುಮಾರಸ್ವಾಮಿಯೇ. ಅವಳ ಗಂಡನಿಗೆ ಇದಾವುದೂ ತಿಳಿಯದು.

ಕೆಂಪನಂಜಪ್ಪನ ಮೊಬೈಲ್ ಕೊನೆಯದಾಗಿ ಹೂಗ್ಯಂ ಊರಿನ ಟವರ್‌ನಲ್ಲಿ ಸಿಕ್ಕಿತ್ತು. ಮರುದಿನ ಅಲ್ಲಿನ ಕಾಡಂಚಿನ ಬೀಳುಹೊಲದಲ್ಲಿ ಪೇದೆ ಜಡೇಸ್ವಾಮಿ ಹೊಸ ಮಣ್ಣು ಕಂಡ. ತಹಶೀಲ್ದಾರರ ಎದುರು ಗುಂಡಿ ಅಗೆಸಿ ಪಂಚನಾಮೆ ಮಾಡಿದರು. ಒಳಗಿದ್ದವನು ಕೆಂಪನಂಜಪ್ಪ; ತಲೆಗೆ ಪೆಟ್ಟು ಬಿದ್ದಿತ್ತು. ಆದರೆ ಲಿಂಗಾಯತರ ಪದ್ಧತಿಯಂತೆ ಹೆಣವನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದ್ದರು.

ಗುರುಬಸಮ್ಮ ಅತ್ತು ಮುಗಿಸಿ ಆ ಕೈ ನೋಡಿದಳು. "ಇದು ನಮ್ಮೋರ್ದಲ್ಲ ಸಾ. ನಮ್ದು ಮನೇಲದೆ."

ಬಸವಕುಮಾರನಿಗೆ ಹೊಳೆಯಿತು. ಕೊಂದವನು ತನ್ನ ಕೊರಳಿನದನ್ನೇ ಬಿಚ್ಚಿ ಕೊಟ್ಟಿದ್ದ. ಲಿಂಗವಿಲ್ಲದೆ ಹೂಳಲು ಅವನಿಗೆ ಮನಸ್ಸು ಬಂದಿರಲಿಲ್ಲ. ದಳದ ಜೀಪಿನ ಹಿಂಬದಿಯಲ್ಲಿ ರಕ್ತದ ಕಲೆಯೂ ಸಿಕ್ಕಿತು. ಶಿವಕುಮಾರಸ್ವಾಮಿಯ ಬಂಧನಕ್ಕೆ ಮೇಲಿನವರ ಅನುಮತಿ ಬಂದ ಮೇಲೆ ಬಸವಕುಮಾರ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದ.

"ನೀನು ಬೇಡ ಅಂದ್ರೆ ಕೇಸ್ ಬಿಟ್ಬಿಡ್ತೀನಿ ಕಣವ್ವ."

"ಆ ಯಮ್ಮನ ಗಂಡ ಮಣ್ಣಲ್ಲವ್ನೆ. ನಂದ ನಾನೇ ನಮ್ ಯಜಮಾನ್ರಿಗೆ ಏಳ್ತೀನಿ. ನೀ ಓಗಣ್ಣ."

ಬುಧವಾರ ಬೆಳಿಗ್ಗೆ ಯಳಂದೂರಿನ ಬಂಗಲೆಯಲ್ಲಿ ಶಿವಕುಮಾರಸ್ವಾಮಿ ಪಂಚೆ ಉಟ್ಟು ಜಗುಲಿಯಲ್ಲಿ ಕೂತಿದ್ದ. ಕೊರಳು ಬರಿದಾಗಿತ್ತು.

"ಪೂಜೆ ಆಯ್ತಾ ಸಾರ್?" ಬಸವಕುಮಾರ ಕೇಳಿದ.

ಶಿವಕುಮಾರಸ್ವಾಮಿ ಹೆಗಲಿನ ಟವೆಲನ್ನು ಕೊರಳಿಗೆ ಸುತ್ತಿಕೊಂಡ.

"ನಿಮ್ಮ ಲಿಂಗ ಎಲ್ಲಿ?"

"ನಿನ್ನ ತಂಗಿ ಗಂಡನಿಗೆ ಫೋನ್ ಮಾಡ್ಲೇನಪ್ಪ?"

"ಅವಳೇ ಹೇಳಿದಾಳೆ. ನಡೀರಿ."

ಶಿವಕುಮಾರಸ್ವಾಮಿಯ ಹೇಳಿಕೆ ಚಿಕ್ಕದಿತ್ತು. ಹಿಂದೆ ಕಾಡಿನಲ್ಲಿ ಸೌದೆ ತರಲು ಹೋದವನೊಬ್ಬನನ್ನು ಗುಂಡಿಕ್ಕಿ, ಕಳ್ಳಬೇಟೆಗಾರನೆಂದು ತೋರಿಸಿ ಅವನು ಹೆಸರು ಮಾಡಿದ್ದ. ಕಂಡಿದ್ದವನು ಡ್ರೈವರ್ ಒಬ್ಬನೇ. ಈಗ ಕೆಂಪನಂಜಪ್ಪ ನಿದ್ದೆ ಬಾರದೆ, ಆ ಸೌದೆಯವನ ಹೆಂಡತಿಗೆ ಎಲ್ಲ ಹೇಳಿಬಿಡುತ್ತೇನೆಂದು ಹಟ ಹಿಡಿದಿದ್ದ. ಊರೆಲ್ಲರ ಗುಟ್ಟು ಹಿಡಿದಿದ್ದವನಿಗೆ ತನ್ನ ಗುಟ್ಟು ಇನ್ನೊಬ್ಬನ ಬಾಯಲ್ಲಿರುವುದನ್ನು ತಾಳಲಾಗಲಿಲ್ಲ.

ಸಂಜೆ ನಾಗಶ್ರೀ ಬಟ್ಟೆಯ ಬ್ಯಾಗ್ ಹಿಡಿದು ಠಾಣೆಯ ಬಾಗಿಲಲ್ಲಿ ನಿಂತಿದ್ದಳು. ಬಸವಕುಮಾರ ದಡಬಡಿಸಿ ಎದ್ದ.

"ಸಿಕ್ಕಿದ್ನಾ?" ಎಂದಳು.

"ಸಿಕ್ಕಿದ."

"ಸರಿ. ಇನ್ ನಿನ್ ಮನೆಗೋಗಣ ನಡಿ."