ಅಳೆಯದ ಪೆಟ್ಟಿಗೆ

ಕಲ್ಲು ಮುರಿಯುವುದು ನನ್ನ ಕೆಲಸವಾಗಿತ್ತು. ಸುರಂಗ ತೋಡುವ ಮೊದಲು ಬೆಟ್ಟದಿಂದ ಕೊರೆದು ತೆಗೆದ ಕಲ್ಲಿನ ತುಂಡುಗಳನ್ನು ಯಂತ್ರದಲ್ಲಿಟ್ಟು ಒತ್ತಿ, ಯಾವುದು ಎಷ್ಟು ಭಾರ ತಡೆಯುತ್ತದೆ ಎಂದು ಬರೆದುಕೊಡುತ್ತಿದ್ದೆ. "ನಿನ್ನ ಕೈಗೆ ಸಿಕ್ಕಿದ್ದು ಏನು ಉಳಿದಿದೆ ಹೇಳು" ಎಂದು ಅಮ್ಮ ಅಣಕಿಸುತ್ತಿದ್ದಳು.

ಆ ಕಲ್ಲುಗಳನ್ನು ತರುತ್ತಿದ್ದವನು ಬೆಟ್ಟ ಕೊರೆಯುವ ಡ್ರಿಲ್ಲರ್. ಮೊದಲ ದಿನವೇ ಜಗಳವಾಯಿತು. ಮರದ ಪೆಟ್ಟಿಗೆಯಲ್ಲಿ ತುಂಡುಗಳೆಲ್ಲ ಚೆಲ್ಲಾಪಿಲ್ಲಿ.

"ಇದೇನ್ರೀ, ಕಸದ ಬುಟ್ಟಿನಾ? ಭೂಮಿಯೊಳಗೆ ಹೇಗಿತ್ತೋ ಹಾಗೇ ಸಾಲಾಗಿ ಇರ್ಬೇಕು ಅಂತ ಗೊತ್ತಿಲ್ವಾ?"

"ನನಗೆ ಗೊತ್ತಿದೆ ಮೇಡಂ. ಲಾರಿಗೆ ಗೊತ್ತಿಲ್ಲ. ದಾರಿಯುದ್ದಕ್ಕೂ ಕುಣೀತಾನೇ ಬಂತು."

ನಗು ಮುಚ್ಚಿಕೊಳ್ಳಲು ಕಿಟಕಿಯ ಕಡೆ ತಿರುಗಿದೆ. ಗಾಜಿನಲ್ಲಿ ಅವನು ಅದನ್ನು ನೋಡಿಬಿಟ್ಟ.

ಮುಂದಿನ ವಾರದಿಂದ ಪೆಟ್ಟಿಗೆಗಳು ಬಲು ಅಚ್ಚುಕಟ್ಟು. ಕಲ್ಲು ತೊಳೆದು, ತುಂಡಿಗೆ ತುಂಡು ಕೂಡಿಸಿ, ಅಲುಗಾಡದಂತೆ ಸಾಲಿನ ತುದಿಗಳಿಗೆ ಬಟ್ಟೆ ತುರುಕಿ ತರುತ್ತಿದ್ದ. ಅಂಗಿಗೂ ಇಸ್ತ್ರಿ. ಸುರಂಗದೊಳಗೆ ಕೆಲಸ ಮಾಡುತ್ತಿದ್ದ ಅವನ ಅಣ್ಣ, "ಯಾವ ಬಂಡೆ ನೋಡೋಕಪ್ಪಾ ಇಷ್ಟು ಶೋಕಿ?" ಎಂದು ದಿನಾ ಕಾಡಿಸುತ್ತಾನಂತೆ. ಹಾಗೆಂದು ನನಗೆ ಹೇಳುವಾಗ ಅವನ ಕಿವಿ ಕೆಂಪಾಗಿತ್ತು.

ಒಂದು ಸೋಮವಾರ, ಪಟ್ಟೆಗಳೆಲ್ಲ ಮುದುಡಿದ ಚಾದರದಂತೆ ಬಾಗಿದ್ದ ತುಂಡೊಂದನ್ನು ಪೆಟ್ಟಿಗೆಯಿಂದ ಎತ್ತಿಕೊಂಡ.

"ಕಲ್ಲೂ ಬಾಗುತ್ತಾ ಮೇಡಂ?"

"ಆಳದಲ್ಲಿ, ಬಿಸಿಯಲ್ಲಿ, ನಿಧಾನಕ್ಕೆ ಒತ್ತಿದ್ರೆ ಬಾಗುತ್ತೆ. ಮೇಲ್ಗಡೆ ತಣ್ಣಗಿರುತ್ತಲ್ಲ, ಅಲ್ಲಿ ಅವಸರ ಮಾಡಿದ್ರೆ ಮುರಿಯುತ್ತೆ."

"ನಿಧಾನ ಅಂದ್ರೆ ಎಷ್ಟು?"

"ಲಕ್ಷಾಂತರ ವರ್ಷ."

"ಅಯ್ಯೋ, ಅಷ್ಟು ಕಾಯೋಕಾಗಲ್ಲ. ಈ ಭಾನುವಾರ ಕಾಫಿಗೆ ಬರ್ತೀರಾ?"

ಪ್ರತಿ ಪೆಟ್ಟಿಗೆಗೂ ನಾನು ಟೇಪ್ ಹಿಡಿಯಬೇಕು. ಐದು ಮೀಟರ್ ಕೊರೆದಿದ್ದರೆ ಐದು ಮೀಟರ್ ಕಲ್ಲಿರಬೇಕು. ಕಡಿಮೆಯಿದ್ದರೆ ಅಲ್ಲಿನ ಕಲ್ಲು ಪುಡಿಯಾಗಿದ್ದು, ಕೊರೆಯುವ ನೀರಿನಲ್ಲಿ ಕೊಚ್ಚಿಹೋಗಿದೆ ಎಂದು ಅರ್ಥ. ಆ ದಿನ ಟೇಪ್ ಮೇಜಿನ ಮೇಲೆಯೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. "ಗಟ್ಟಿ ಬಂಡೆ" ಎಂದು ಬರೆದು ಸಹಿ ಹಾಕಿ, "ಬರ್ತೀನಿ" ಎಂದೆ.

ಮೂರು ತಿಂಗಳ ಭಾನುವಾರಗಳು ನಮ್ಮವಾಗಿದ್ದವು. ಆಮೇಲೆ, ಆ ಪೆಟ್ಟಿಗೆಯ ಕಲ್ಲು ತೆಗೆದಿದ್ದ ಜಾಗದಲ್ಲೇ ಸುರಂಗದ ಸೂರು ಕುಸಿದು ಮೂವರು ಸತ್ತರು. ಒಬ್ಬ ಅವನ ಅಣ್ಣ.

ಅಟ್ಟಣೆಯಿಂದ ಆ ಪೆಟ್ಟಿಗೆ ಕೆಳಗಿಳಿಸಿ ಬಟ್ಟೆ ತೆಗೆದು ಅಳೆದೆ. ಚೀಟಿಯಲ್ಲಿ ಐದು ಮೀಟರ್, ಕಲ್ಲು ನಾಲ್ಕೇ. ಬೆಟ್ಟದ ಎರಡು ಭಾಗ ಒಂದಕ್ಕೊಂದು ಉಜ್ಜಿ ಸರಿದು, ನಡುವಿನದೆಲ್ಲ ಹಿಟ್ಟಾಗಿಹೋದ ಜಾಗ ಅದು. ನಾವು ಅದನ್ನು ಸ್ತರಭಂಗ ಎನ್ನುತ್ತೇವೆ. ಸೂರಿಗೆ ಆಸರೆ ಕೊಡದೆ ಅದರ ಕೆಳಗೆ ಯಾರನ್ನೂ ಕಳಿಸುವುದಿಲ್ಲ.

ಅಣ್ಣನನ್ನು ಮಣ್ಣು ಮಾಡಿದ ಮಾರನೆಯ ದಿನ ಅವನು ಬಂದ. ಗಡ್ಡ ಬೆಳೆದಿತ್ತು.

"ಕಲ್ಲು ಸಿಗದ ಕಡೆ ಮಧ್ಯ ಖಾಲಿ ಬಿಡ್ಬೇಕಿತ್ತು. ಪೆಟ್ಟಿಗೆ ಚೆನ್ನಾಗಿ ಕಾಣ್ಲಿ ಅಂತ ಹತ್ತಿರ ಸರಿಸ್ಬಿಟ್ಟೆ. ಹೇಗೂ ನೀವು ಅಳೀತೀರಲ್ಲ, ಗೊತ್ತಾಗುತ್ತೆ ಅಂದ್ಕೊಂಡೆ."

ಅಳೆದಿರಲಿಲ್ಲ ಎಂದೆ.

"ನೀವು ಅಳೆದ್ರಿ, ಆಗ ನಾನು ಬೇರೆ ಕಡೆಯ ಕಲ್ಲು ಸೇರಿಸಿ ಐದು ಮೀಟರ್ ಮಾಡಿದ್ದೆ, ಆಮೇಲೆ ಅದನ್ನ ತೆಗೆದೆ ಅಂತ ವಿಚಾರಣೇಲಿ ಹೇಳ್ತೀನಿ. ನೀವು ಹೂಂ ಅನ್ನಿ ಸಾಕು."

"ಜೈಲಿಗೆ ಹಾಕ್ತಾರೆ ಕಣೋ."

ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದೆ. ಇಬ್ಬರೂ ಅದನ್ನು ಗಮನಿಸಿದೆವು.

"ಅತ್ತಿಗೆ ಮುಖ ನೋಡೋದಕ್ಕಿಂತ ಅದೇ ವಾಸಿ. ಅಣ್ಣನ್ನಂತೂ ಕಳ್ಕೊಂಡೆ. ನಿಮ್ಮನ್ನಾದ್ರೂ ಉಳಿಸ್ಕೊಳ್ತೀನಿ," ಎಂದ.

ವಿಚಾರಣೆಯ ಕೋಣೆಯಲ್ಲಿ ಅವನು ಹೇಳಿದಂತೆಯೇ ಹೇಳಿದ. ಹಿಂದಿನ ಬೆಂಚಿನಲ್ಲಿ ಅವನ ಅತ್ತಿಗೆ ಕುಳಿತಿದ್ದಳು. ಅಧಿಕಾರಿ ನನ್ನ ಕಡೆ ತಿರುಗಿದರು.

"ನೀವು ಅಳತೆ ಹಾಕಿದ್ರಾ?"

ಒಂದು ಹೂಂ ಅಂದಿದ್ದರೆ ಕೆಲಸ, ಮಾನ, ಅಮ್ಮನ ಔಷಧಿ ಎಲ್ಲ ಉಳಿಯುತ್ತಿತ್ತು. ಅವನು ತಲೆಯೆತ್ತದೆ, ಹೂಂ ಅನ್ನಿ ಎನ್ನುವಂತೆ ಮೆಲ್ಲಗೆ ಕತ್ತು ಆಡಿಸುತ್ತಿದ್ದ.

"ಇಲ್ಲ ಸರ್. ಇವರು ಸುಳ್ಳು ಹೇಳ್ತಿದ್ದಾರೆ. ನಾನು ಅಳೀಲೇ ಇಲ್ಲ."

"ಹತ್ತು ವರ್ಷದಲ್ಲಿ ಒಂದು ಪೆಟ್ಟಿಗೆನೂ ಬಿಟ್ಟವರಲ್ಲ ನೀವು. ಅವತ್ತು ಯಾಕೆ?"

"ಇವರು ಎದುರಿಗೆ ನಿಂತಿದ್ರು. ನಾನು ಇವರನ್ನೇ ನೋಡ್ತಿದ್ದೆ. ಇವರು ಅಂದ್ರೆ ನನಗೆ ಪ್ರಾಣ, ಸರ್."

ಅವನಿಗೇ ಅದನ್ನು ನಾನು ಅದುವರೆಗೆ ಹೇಳಿರಲಿಲ್ಲ.

ಗುಮಾಸ್ತ ಟೈಪ್ ಮಾಡುವುದನ್ನು ನಿಲ್ಲಿಸಿದ. "ಇದನ್ನೂ ಬರ್ಕೊಳ್ಳಲಾ ಸರ್?"

ಅಧಿಕಾರಿ ಉತ್ತರಿಸುವ ಮೊದಲೇ ಹಿಂದಿನಿಂದ ಅತ್ತಿಗೆಯ ದನಿ ಬಂತು.

"ಬರ್ಕೊಳ್ಳಿ. ನನ್ನ ಗಂಡ ಯಾಕೆ ಸತ್ತ ಅಂತ ಎಲ್ಲಾದ್ರೂ ಒಂದು ಕಡೆ ನಿಜ ಇರ್ಲಿ."

ಗುಮಾಸ್ತ ಬರೆದುಕೊಂಡು ಹಾಳೆಯನ್ನು ಮುಂದಿಟ್ಟ. ನಾನು ಸಹಿ ಮಾಡಿ ಪೆನ್ನನ್ನು ಡ್ರಿಲ್ಲರ್ ಕೈಗೆ ಕೊಟ್ಟೆ. ತನ್ನ ಸುಳ್ಳು ಹೇಳಿಕೆಯ ಮೇಲೆ ಗೆರೆ ಎಳೆದು, ನನ್ನ ಹೆಸರಿನ ಕೆಳಗೆ ಅವನು ತನ್ನ ಹೆಸರು ಬರೆದ.