ನೈಋತ್ಯ ಮೂಲೆಯ ಕಪಾಟು

“ಇನ್ನು ಹತ್ತು ನಿಮಿಷ ಉಂಟು,” ಎಂದ ರಿಷಭ್, ನೆಲದ ಮೇಲೆ ಉದ್ದಕ್ಕೆ ಮಲಗಿದ್ದ ಕಪಾಟಿನ ತಲೆಯ ಬಳಿ ಕುಕ್ಕರಗಾಲಲ್ಲಿ ಕೂತು. “ನಾಲ್ಕೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ನಿಲ್ಲಿಸಿದ್ರೆ ಅಮ್ಮನಿಗೆ ಫೋಟೋ ಕಳಿಸಬಹುದು.”

“ಮತ್ತೆಂತ, ಎತ್ತುವ,” ಎಂದಳು ಸಾಧನಾ.

ಬೆಳಗಿನಿಂದ ಅವರಿಬ್ಬರ ನಡುವೆ ನಡೆದ ಅತಿ ದೀರ್ಘ ಸಂಭಾಷಣೆ ಇದು. ಉಳಿದದ್ದೆಲ್ಲ ‘ಆ ಸ್ಕ್ರೂ ಕೊಡು’, ‘ಈ ಹಲಗೆ ಹಿಡಿ’ ಅಷ್ಟೆ. ಮದುವೆಯಾಗಿ ಐದು ತಿಂಗಳಾಗಿತ್ತು. ಜಗಳವಾಡಿದ್ದಿಲ್ಲ. ಜಗಳವಾಡುವಷ್ಟು ಸಲುಗೆ ಬೆಳೆದಿದ್ದರೆ ತಾನೇ ಜಗಳ.

ಈ ಕಪಾಟಿನ ಕಥೆ ಶುರುವಾಗಿ ಆರು ವಾರ. ಒಂದು ಬೆಳಿಗ್ಗೆ ರಿಷಭ್ ಅವಳ ಸೂಟ್‌ಕೇಸ್ ಎಡವಿ ಬಿದ್ದು, ಮೊಣಕಾಲು ತಿಕ್ಕಿಕೊಳ್ಳುತ್ತ “ಇದಕ್ಕೊಂದು ವ್ಯವಸ್ಥೆ ಮಾಡ್ಬೇಕು” ಎಂದಿದ್ದ. ಮೂಡುಬಿದಿರೆಯ ಆ ಬಾಡಿಗೆ ಮನೆಯಲ್ಲಿ ಒಂದೇ ಮಲಗುವ ಕೋಣೆ. ಬಟ್ಟೆ ಇಡಲಿಕ್ಕೆ ಗೋಡೆಯಲ್ಲೊಂದು ಗೂಡು, ಅದರ ತುಂಬ ಅವನ ಶರ್ಟು. ಸಾಧನಾ ಐದು ತಿಂಗಳೂ ಸೂಟ್‌ಕೇಸಿನಿಂದಲೇ ಸೀರೆ ತೆಗೆದು ಉಟ್ಟು, ಒಗೆದು, ಮತ್ತೆ ಸೂಟ್‌ಕೇಸಿಗೇ ಮಡಚಿಡುತ್ತಿದ್ದಳು. ಜಾಗ ಕೇಳಲು ಅವಳಿಗೆ ಸಂಕೋಚ. ಸೂಟ್‌ಕೇಸ್ ಅವನ ದಾರಿಗೆ ಅಡ್ಡವಾಯಿತು ಎಂದು ಆ ದಿನ ಅವಳಿಗೆ ಒಳಗೊಳಗೇ ನೋವಾಗಿತ್ತು.

ಆ ಭಾನುವಾರವೇ ಬಿ.ಸಿ. ರೋಡಿನ ದೊಡ್ಡ ಅಂಗಡಿಗೆ ಹೋದರು. “ಮೂರು ಪೆಟ್ಟಿಗೆಯಲ್ಲಿ ಬರ್ತದೆ ಮೇಡಂ, ಅರ್ಧ ಗಂಟೆಯಲ್ಲಿ ನೀವೇ ಜೋಡಿಸಬಹುದು,” ಎಂದ ಅಂಗಡಿಯವ, ಮಾದರಿ ಕಪಾಟಿನ ಬಾಗಿಲನ್ನು ಬೆರಳ ತುದಿಯಲ್ಲಿ ತೆರೆದು ಮುಚ್ಚುತ್ತ. ಬಂದದ್ದು ಎರಡು ಪೆಟ್ಟಿಗೆ. ಮೂರನೆಯದು ವಿಟ್ಲದ ಯಾರದೋ ಮನೆಗೆ ಹೋಗಿ ಹತ್ತು ದಿನ ಅವರ ಚಾವಡಿಯಲ್ಲಿ ಕೂತಿತ್ತು. ಅದು ಬಂದ ಮೇಲೆ ನೋಡಿದರೆ ಎರಡೂ ಬಾಗಿಲು ಎಡಗಡೆಯವು. ಕಸ್ಟಮರ್ ಕೇರಿನವಳು ಹಿಂದಿಯಲ್ಲಿ ಫೋಟೋ ಕೇಳಿದಳು, ಮತ್ತೆ ವಿಡಿಯೋ ಕೇಳಿದಳು. ಬಲಗಡೆಯ ಬಾಗಿಲು ಬಂದಾಗ ಸ್ಕ್ರೂ ಪೊಟ್ಟಣ ಇರಲಿಲ್ಲ. ಅದೂ ಬಂದು ಎಲ್ಲ ಸೇರುವಷ್ಟರಲ್ಲಿ ಸಾಧನಾಳಿಗೆ ಟ್ರಾನ್ಸ್‌ಫರ್ ಆಗಿತ್ತು.

ಅವಳದು ಸಹಕಾರಿ ಸಂಘದ ಕೆಲಸ. ಬೆಳ್ತಂಗಡಿ ಶಾಖೆಗೆ ಹೋಗಬೇಕು. ಮೂಡುಬಿದಿರೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು, ಜನ ಹೋಗುತ್ತಾರೆ. ಆದರೆ ಐದಕ್ಕೆ ಕೆಲಸ ಬಿಟ್ಟು ಮನೆ ಮುಟ್ಟುವಾಗ ಹೊತ್ತು ಮುಳುಗಿರುತ್ತದೆ. ಸೂರ್ಯ ಮುಳುಗಿದ ಮೇಲೆ ಸಾಧನಾ ಉಣ್ಣುವವಳಲ್ಲ. ಬೆಳ್ತಂಗಡಿಗೆ ಹತ್ತಿರದ ಅಳದಂಗಡಿಯ ಅವಳ ತವರಿನಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದ ಜೈನ ವ್ರತ ಅದು. ರಿಷಭ್ ಕೂಡ ಜೈನರ ಹುಡುಗನೇ, ಹಾಸ್ಟೆಲ್ಲಿಗೆ ಸೇರಿದ ಮೇಲೆ ಬಿಟ್ಟಿದ್ದ. “ವಾರದ ದಿನ ಅಮ್ಮನ ಮನೆಯಲ್ಲೇ ಇದ್ದು, ಶನಿವಾರ ಬರಲಾ?” ಎಂದು ಅವಳು ಕೇಳಿದ್ದಳು. ಬೇಡ ಅನ್ನುತ್ತಾನೆ ಎಂದುಕೊಂಡೇ ಕೇಳಿದ್ದು.

“ನಿನ್ನಿಷ್ಟ,” ಎಂದಿದ್ದ ರಿಷಭ್.

ನಾಳೆ ಬೆಳಿಗ್ಗೆ ಆರೂವರೆಯ ಬಸ್ಸು. ಸೂಟ್‌ಕೇಸ್ ತುಂಬಿ ಮಂಚದ ಪಕ್ಕದಲ್ಲಿತ್ತು. ಅದರೊಳಗಿನ ಬಟ್ಟೆಗೆಂದು ತಂದ ಕಪಾಟನ್ನು ಅದರೆದುರೇ ಜೋಡಿಸುತ್ತಿದ್ದರು. “ಇನ್ನು ಯಾಕೆ ಇದು?” ಎಂದು ಅವಳು ಕೇಳಿದ್ದಕ್ಕೆ, “ಬಂದಾಯ್ತಲ್ಲ” ಎಂಬ ಉತ್ತರ ಸಿಕ್ಕಿತ್ತು.

ಕಪಾಟು ನೈಋತ್ಯ ಮೂಲೆಯಲ್ಲೇ ನಿಲ್ಲಬೇಕು ಎಂದು ಕಾರ್ಕಳದಿಂದ ಅತ್ತೆಯ ಅಪ್ಪಣೆ. ನೈಋತ್ಯ ಮೂಲೆ ಬಾಗಿಲಿನ ಪಕ್ಕ, ಮೇಲೆ ಸಾಮಾನಿಡುವ ಸಿಮೆಂಟಿನ ಅಟ್ಟ. ಹಲಗೆಗಳನ್ನು ಮಲಗಿಸಿ ಜೋಡಿಸಲು ಜಾಗ ಸಾಲದೆ ಕೋಣೆಯ ಬಾಗಿಲನ್ನೂ ಮುಚ್ಚಿದ್ದರು.

“ಒಂದು, ಎರಡು, ಮೂರು.”

ಕಪಾಟು ಏಳತೊಡಗಿತು. ಮುಕ್ಕಾಲು ಎದ್ದಾಗ ಅದರ ತಲೆ ಅಟ್ಟದ ಅಡಿಗೆ ತಾಗಿತು. “ಇನ್ನು ಸ್ವಲ್ಪ,” ಎಂದು ರಿಷಭ್ ದಮ್ಮು ಕಟ್ಟಿ ದೂಡಿದ. ಕಪಾಟಿನ ಕಾಲು ಟೈಲ್ಸಿನ ಮೇಲೆ ಸರ್ರನೆ ಜಾರಿ ಬಾಗಿಲಿಗೆ ಬಡಿದು ಕೂತಿತು. ತಲೆ ಅಟ್ಟದಡಿ, ಕಾಲು ಬಾಗಿಲಿಗೆ. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಬಾಗಿಲು ತೆರೆಯುವುದು ಒಳಗಡೆಗೆ.

ಇಬ್ಬರೂ ದೂಡಿದರು, ಎಳೆದರು, ಮಂಚ ಹತ್ತಿ ಹೆಗಲು ಕೊಟ್ಟರು. ಏನೂ ಕದಲಲಿಲ್ಲ.

“ಬಿಚ್ಚುವ,” ಎಂದಳು ಸಾಧನಾ. “ಈ ಸ್ಕ್ರೂಗೆ ಆ ವಕ್ರ ಕೀಯೇ ಬೇಕು, ಎಲ್ಲಿ ಅದು?”

ರಿಷಭ್ ಜೇಬು ಮುಟ್ಟಿಕೊಂಡ. ಆಮೇಲೆ ಬಾಗಿಲ ಕಡೆ ನೋಡಿದ. “ನೀರು ಕುಡಿಯಲಿಕ್ಕೆ ಹೋದಾಗ ಹಾಲ್‌ನಲ್ಲಿ ಇಟ್ಟೆ. ನನ್ನ ಫೋನೂ ಅಲ್ಲೇ ಉಂಟು.”

ಅವಳ ಫೋನು ಕೋಣೆಯಲ್ಲೇ ಇತ್ತು. ಕೆಳಗಿನ ಮನೆಯ ಸೈನಬಳಿಗೆ ಕರೆ ಮಾಡಿದಳು. ಮನೆಯ ಯಜಮಾನಿ ಅವಳೇ, ಇವರ ಮನೆಯ ಇನ್ನೊಂದು ಬೀಗದ ಕೈ ಇರುವುದೂ ಅವಳ ಬಳಿಯೇ.

“ನಾವು ಬಂಟ್ವಾಳದಲ್ಲಿ ಮದುವೆಯಲ್ಲಿದ್ದೇವಲ್ಲ ಮಗಾ,” ಎಂದಳು ಸೈನಬ. “ಮದುಮಗಳನ್ನು ಇನ್ನೂ ಕಳಿಸಿಕೊಟ್ಟಿಲ್ಲ. ಬರುವಾಗ ಎಂಟು ಆಗ್ತದೆ. ಬಂದು ನಮ್ಮ ಮನೆಯವರು ಬಾಗಿಲಿನ ಅಡಿಯಿಂದ ಆ ವಕ್ರ ಕೀ ತಳ್ಳಿ ಕೊಡ್ತಾರೆ, ಆಗ್ಲಿಕ್ಕಿಲ್ವಾ?” ಸ್ವಲ್ಪ ತಡೆದು ಕೇಳಿದಳು, “ಇಬ್ಬರೂ ಒಳಗೇ ಇದ್ದೀರಲ್ಲ?”

“ಹೌದು.”

“ಮತ್ತೆ ಎಂತ ಬೇಸರ,” ಎಂದು ನಕ್ಕು ಫೋನಿಟ್ಟಳು.

“ನಿಮ್ಮ ಕಾಲೇಜಿನವರು ಯಾರಾದ್ರೂ?” ಎಂದಳು ಸಾಧನಾ.

“ಅವರು ಬೇಡ. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವ. ಇದು ನಾಳೆ ಸ್ಟಾಫ್‌ರೂಮಿಗೆ ಮುಟ್ಟಿದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು.”

ರಾಹುಕಾಲ ಸರಿಯಾಗಿ ಶುರುವಾಯಿತು. ಅವನು ಮಂಚದ ಆ ತುದಿಯಲ್ಲಿ ಕೂತ, ಅವಳು ಈ ತುದಿಯಲ್ಲಿ. ಎದುರಿಗೆ ಓರೆಯಾಗಿ ನಿಂತ ಕಪಾಟು ಅರ್ಧ ಕೋಣೆಯನ್ನು ನುಂಗಿತ್ತು. ಕಿಟಕಿಗೆ ದಪ್ಪ ಸರಳು. ಕರೆಂಟು ಹೋಗಿ ಫ್ಯಾನು ನಿಂತಿತು. ಸಾಧನಾಳಿಗೆ ಉಸಿರು ಕಟ್ಟಿದಂತಾಯಿತು. ಐದು ತಿಂಗಳಿನಿಂದಲೂ ಹೀಗೇ ಇದ್ದೇನಲ್ಲ ಎನ್ನಿಸಿ ಕಣ್ಣು ತುಂಬಿತು. ಮಾತಾಡದ ಗಂಡ, ತನ್ನದೊಂದು ಖಾನೆಯೂ ಇಲ್ಲದ ಮನೆ. ಒಳಗೆ ಸೇರಿಕೊಳ್ಳಲೂ ಆಗದು, ಬಿಟ್ಟು ಹೋಗಲೂ ಮನಸ್ಸಿಲ್ಲ. ಬಸ್‌ಸ್ಟ್ಯಾಂಡಿನಿಂದ ಕಂಡಕ್ಟರನ ಕೂಗು ಕೇಳುತ್ತಿತ್ತು: ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ.

ಕಣ್ಣೀರು ಕಾಣಬಾರದೆಂದು ಮುಖವನ್ನು ಬಾಗಿಲ ಕಡೆ ತಿರುಗಿಸಿದಳು. ಆಗಲೇ ಅವಳಿಗೆ ಕೀಲುಗಳು ಕಂಡದ್ದು.

ಹಳೇ ಮನೆಯ ಬಾಗಿಲು, ಮೂರು ಕೀಲು. ಒಂದೊಂದು ಕೀಲಿನ ನಡುವೆಯೂ ಮೇಲಿನಿಂದ ಇಳಿಬಿಟ್ಟ ಕಬ್ಬಿಣದ ಕಡ್ಡಿ, ಈಚೆ ಕಡೆಗೇ. ತವರಿನಲ್ಲಿ ಬಾಗಿಲಿಗೆ ಬಣ್ಣ ಹೊಡೆಯುವಾಗ ಊರಿನ ಬಡಗಿ ರುಕ್ಮಯ್ಯ ಆಚಾರಿ ಮಾಡುತ್ತಿದ್ದದ್ದನ್ನು ಅವಳು ಎಷ್ಟು ಸಲ ನೋಡಿದ್ದಳು. ಸ್ಕ್ರೂಡ್ರೈವರಿನ ತುದಿಯನ್ನು ಕಡ್ಡಿಯ ಅಡಿಗಿಟ್ಟು ನಾಲ್ಕು ಪೆಟ್ಟು ಕೊಟ್ಟರೆ ಕಡ್ಡಿ ಮೇಲೆ ಬರುತ್ತಿತ್ತು. ಮೂರೂ ಬಂದರೆ ಬಾಗಿಲು ಕೈಯಲ್ಲಿ.

ಸ್ಕ್ರೂಡ್ರೈವರ್ ಅವಳ ಪಕ್ಕದಲ್ಲೇ ಬಿದ್ದಿತ್ತು. ಬಾಯಿ ತೆರೆದಳು. ಬಾಗಿಲು ಬಿಚ್ಚಿದರೆ ಮುಂದೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನು ಹಾಲ್‌ಗೆ ಹೋಗಿ ಉತ್ತರಪತ್ರಿಕೆ ಹರಡಿಕೊಂಡು ಕೂರುತ್ತಾನೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಿಟ್ಟು, ‘ಮುಟ್ಟಿದ ಮೇಲೆ ಮೆಸೇಜ್ ಮಾಡು’ ಎನ್ನುತ್ತಾನೆ. ಸಾಧನಾ ಬಾಯಿ ಮುಚ್ಚಿದಳು. ಸ್ಕ್ರೂಡ್ರೈವರನ್ನು ಮೆಲ್ಲಗೆ ದುಪಟ್ಟಾದಡಿಗೆ ಎಳೆದುಕೊಂಡು ಅದರ ಮೇಲೆ ಕೂತಳು. ಚುಚ್ಚುತ್ತಿತ್ತು. ಚುಚ್ಚಲಿ ಎಂದುಕೊಂಡಳು.

ಕಾಲು ಗಂಟೆಯ ಮೇಲೆ ಅವಳು ಮಂಚದ ಮೇಲಿದ್ದ ಪುಸ್ತಕ ಎತ್ತಿಕೊಂಡಳು.

“ಈ ಪುಸ್ತಕ ನೋಡಿದ್ದೀರಾ?” ಎಂದಳು. ಕಪಾಟಿನ ಜೊತೆ ಬಂದಿದ್ದ ಪುಸ್ತಕದಲ್ಲಿ ಅಕ್ಷರವೇ ಇರಲಿಲ್ಲ, ಬರೇ ಚಿತ್ರ. ಮೊದಲ ಪುಟದಲ್ಲಿ ಹಲಗೆಯ ಪಕ್ಕ ಒಬ್ಬನೇ ನಿಂತು ಮುಖ ಸಪ್ಪೆ ಮಾಡಿಕೊಂಡವನು, ಅವನ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಇಬ್ಬರು ನಗುತ್ತ ನಿಂತವರು. “ಇಬ್ಬರಿದ್ರೆ ನಗು ಬರ್ತದಂತೆ.”

“ಅವರು ಮದುವೆ ಆದವರಲ್ಲ ಅನಿಸ್ತದೆ,” ಎಂದ ರಿಷಭ್.

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ತಲೆಯೆತ್ತಿ, ಆ ನಗು ತನ್ನಿಂದಲೇ ಬಂದದ್ದೋ ಎಂದು ಅನುಮಾನವಿದ್ದವನ ಹಾಗೆ ನೋಡಿದ. ಹುಬ್ಬಿನ ಮೇಲೆ ಮರದ ಹೊಟ್ಟು ಅಂಟಿತ್ತು. ಒರೆಸಬೇಕು ಎಂದು ಅವಳ ಕೈ ಎದ್ದು, ದುಪಟ್ಟಾ ಸರಿಮಾಡಿಕೊಂಡು ಇಳಿಯಿತು. ಅವನ ಕಣ್ಣು ಆ ಕೈಯನ್ನು ಹಿಂಬಾಲಿಸಿದ್ದನ್ನು ಅವಳು ನೋಡಿದಳು.

“ಒಂದು ಕೇಳ್ಲಾ?” ಎಂದಳು. “ಸೂಟ್‌ಕೇಸ್ ನಿಮಗೆ ಅಷ್ಟು ತೊಂದರೆ ಆಗಿತ್ತಾ?”

“ಸೂಟ್‌ಕೇಸಾ?”

“ಎಡವಿ ಬಿದ್ದ ವಾರವೇ ಅಂಗಡಿಗೆ ಹೊರಟ್ರಲ್ಲ.”

ರಿಷಭ್ ತನ್ನ ಅಂಗೈಯ ಬೊಕ್ಕೆ ನೋಡಿಕೊಂಡ. “ಬಿದ್ದದ್ದಕ್ಕಲ್ಲ. ನೀನು ದಿನಾ ಅದರ ಮುಚ್ಚಳ ತೆಗೆದು, ಸೀರೆ ತೆಗೆದು, ಮತ್ತೆ ಜಿಪ್ ಹಾಕ್ತಿದ್ದಿ. ಆ ಜಿಪ್ಪಿನ ಶಬ್ದಕ್ಕೆ ನನಗೆ ಎಚ್ಚರ ಆಗ್ತಿತ್ತು. ಇವಳು ಇನ್ನೂ ಇಲ್ಲಿಗೆ ಬಂದೇ ಇಲ್ಲ, ಯಾವತ್ತಾದ್ರೂ ಹೊರಡ್ತಾಳೆ ಅಂತ ಅನಿಸ್ತಿತ್ತು. ಒಂದು ಕಪಾಟು ಇದ್ರೆ ಇಡ್ತೀಯೇನೋ ಅಂತ.”

“ಗೂಡಿನಿಂದ ಎರಡು ಶರ್ಟು ತೆಗೆದಿದ್ರೆ ಸಾಕಿತ್ತು.”

“ಅದು ಹೊಳೀಲಿಲ್ಲ.”

ಆರು ವಾರ, ಮೂರು ಪೆಟ್ಟಿಗೆ, ವಿಟ್ಲದವರ ಚಾವಡಿ. ಅಷ್ಟೂ ಇದಕ್ಕಾಗಿ. ಸಾಧನಾಳಿಗೆ ಅವನನ್ನು ಬೈಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಆದರೆ ಅವಳು ಕಾದದ್ದು ಇನ್ನೊಂದು ಮಾತಿಗೆ. ಅವನು ಅದನ್ನು ಹೇಳಲಿಲ್ಲ. ಆರು ಗಂಟೆಯಾಯಿತು. ಸರಳಿನ ನೆರಳು ಗೋಡೆ ಹತ್ತತೊಡಗಿತು. ಎಂಟರವರೆಗೂ ಕೂತರೂ ಇವನ ಬಾಯಲ್ಲಿ ಅದು ಬರುವುದಿಲ್ಲ ಎನ್ನಿಸಿತು ಅವಳಿಗೆ.

ಆರೂ ಹತ್ತಕ್ಕೆ ರಿಷಭ್ ಕಿಟಕಿಯಿಂದ ಆಕಾಶ ನೋಡಿದ. ಬಾಗಿಲು ನೋಡಿದ. ಮತ್ತೆ ಆಕಾಶ ನೋಡಿ, ಒಮ್ಮೆಲೆ ಎದ್ದ.

“ಸ್ಕ್ರೂಡ್ರೈವರ್ ಎಲ್ಲಿ?”

“ಯಾಕೆ?”

“ಹೊತ್ತು ಮುಳುಗಲಿಕ್ಕೆ ಇನ್ನು ಇಪ್ಪತ್ತು ನಿಮಿಷವೂ ಇಲ್ಲ. ನಿನಗೆ ಊಟ ಆಗ್ಬೇಕಲ್ಲ. ಮಧ್ಯಾಹ್ನವೂ ಸರಿ ಉಣ್ಣಲಿಲ್ಲ ನೀನು.” ಅವನು ಮಂಚದಡಿ ಬಗ್ಗಿ ಹುಡುಕಿದ, ಕಪಾಟಿನ ಹಿಂದೆ ಕೈ ಹಾಕಿದ. “ಈ ಬಾಗಿಲಿನ ಕೀಲು ಬಿಚ್ಚಬಹುದು. ಕಡ್ಡಿ ಎಬ್ಬಿಸಿದ್ರೆ ಆಯ್ತು.”

ಸಾಧನಾ ಕೂತಲ್ಲೇ ಕೂತಿದ್ದಳು. “ಇದು ಯಾವಾಗ ಗೊತ್ತಾಯ್ತು ನಿಮಗೆ?”

ಅವನು ಎದ್ದು ನಿಂತ. ಕಿವಿ ಕೆಂಪಾಗಿತ್ತು. “ನಾಲ್ಕೂವರೆಗೆ.”

“ಮತ್ತೆ ಹೇಳಲಿಲ್ಲ?”

“ನಾಳೆ ನೀನು ಹೋಗ್ತಿ,” ಎಂದ ರಿಷಭ್. “ಇವತ್ತು ಎಂಟು ಗಂಟೆವರೆಗೆ ಆದ್ರೂ ಹೋಗ್ಲಿಕ್ಕೆ ಆಗುವುದಿಲ್ಲ ಅಂತ ಸುಮ್ಮನೆ ಕೂತೆ. ತಪ್ಪು ಮಾಡಿದೆ. ಆದ್ರೆ ನೀನು ಹಸಿದು ಕೂರುವುದನ್ನು ನೋಡ್ಲಿಕ್ಕೆ ಆಗುವುದಿಲ್ಲ.”

ಅವಳು ದುಪಟ್ಟಾದಡಿಯಿಂದ ಸ್ಕ್ರೂಡ್ರೈವರ್ ತೆಗೆದು ಅವನ ಮುಂದೆ ಹಿಡಿದಳು.

ರಿಷಭ್ ಅದನ್ನು ನೋಡಿದ, ಅವಳನ್ನು ನೋಡಿದ.

“ರುಕ್ಮಯ್ಯ ಆಚಾರಿ ಮಾಡುವುದನ್ನು ನೋಡಿದ್ದೆ,” ಎಂದಳು ಅವಳು. “ನಾಲ್ಕೂವರೆಗೇ ನೆನಪಾಯ್ತು. ನೀವು ಹೋಗ್ಬೇಡ ಅಂತ ಒಂದು ಸಲ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ.”

“ನೀನು ನಿನ್ನಿಷ್ಟದ ಹಾಗೆ ಇರಬೇಕು ಅಂತ...”

“ನನ್ನಿಷ್ಟ ಎಂತ ಅಂತ ಕೇಳಿದ್ದೀರಾ?”

ಅವನು ಅವಳೆದುರು ನೆಲದಲ್ಲಿ ಕೂತ. ಸ್ಕ್ರೂಡ್ರೈವರನ್ನೂ ಅದನ್ನು ಹಿಡಿದ ಕೈಯನ್ನೂ ಸೇರಿಸಿ ಹಿಡಿದುಕೊಂಡ.

“ಹೋಗ್ಬೇಡ ಸಾಧನಾ. ಕೆಲಸಕ್ಕೆ ಹೋಗು, ಸಂಜೆ ಇಲ್ಲಿಗೇ ಬಾ. ನನಗೆ ನೀನು ಇಲ್ಲಿ ಬೇಕು.”

ಇಷ್ಟೇ ಮಾತಿಗೆ ಐದು ತಿಂಗಳು. ಅವಳು ಬೆರಳ ತುದಿಯಿಂದ ಅವನ ಹುಬ್ಬಿನ ಹೊಟ್ಟು ಒರೆಸಿದಳು. ಕೈ ಅಲ್ಲೇ ಕೆನ್ನೆಯ ಮೇಲೆ ಉಳಿಯಿತು.

“ಮತ್ತೆ ನನ್ನ ಊಟ?” ಎಂದಳು ಸಣ್ಣ ದನಿಯಲ್ಲಿ.

“ನನಗೆ ನಾಲ್ಕೂವರೆಗೆ ಕ್ಲಾಸ್ ಮುಗೀತದೆ. ನೀನು ಐದಕ್ಕೆ ಕೆಲಸ ಬಿಟ್ಟ ಕೂಡಲೇ ಬಸ್ಸು ಹತ್ತು. ವೇಣೂರಿನಲ್ಲಿ ಇಳಿ. ನಾನು ಬುತ್ತಿ ಹಿಡಿದು ಬೈಕಿನಲ್ಲಿ ಅಲ್ಲಿಗೆ ಬರ್ತೇನೆ. ಉಂಡು ಒಟ್ಟಿಗೇ ಮನೆಗೆ ಬರುವ.” ಅವನು ಹೇಳಿದ ರೀತಿ ನೋಡಿದರೆ ಇದನ್ನು ತುಂಬ ದಿನದಿಂದ ಲೆಕ್ಕ ಹಾಕಿಟ್ಟಿದ್ದ ಹಾಗಿತ್ತು.

“ದಿನಾ?”

“ದಿನಾ.”

ಕಡ್ಡಿಗಳು ಎದ್ದವು, ಚಪ್ಪಲಿಯ ಹಿಮ್ಮಡಿಯ ಪೆಟ್ಟು ಬಿದ್ದಂತೆ ಒಂದೊಂದಾಗಿ. ಬಾಗಿಲನ್ನು ಕೀಲಿನ ಬದಿಯಿಂದ ಓರೆ ಮಾಡಿ ಇಬ್ಬರೂ ನುಸುಳಿ ಹೊರಬಂದರು. ಅಡುಗೆಮನೆಯಲ್ಲಿ ನಿಂತೇ ಅನ್ನ ಮಜ್ಜಿಗೆ ಕಲಸಿದಳು. ಅವನೂ ತಟ್ಟೆ ತಂದ. “ನೀವು ರಾತ್ರಿ ಉಣ್ಣುವವರಲ್ವಾ?” ಎಂದಳು. “ಇನ್ನು ಇಲ್ಲ,” ಎಂದು ತಟ್ಟೆ ಚಾಚಿದ. ಬೆಳಕು ಇನ್ನೂ ಇತ್ತು.

ಎಂಟಕ್ಕೆ ಸೈನಬ ಮತ್ತು ಅವಳ ಗಂಡ ಮಮ್ಮು ಬಂದಾಗ ಕೋಣೆಯ ಬಾಗಿಲು ಹಾಲಿನ ಗೋಡೆಗೆ ಒರಗಿತ್ತು. ಕೋಣೆಯೊಳಗೆ, ಕಾಲು ಹೊಸ್ತಿಲಿಗೆ ಆತು ಓರೆಯಾಗಿಯೇ ನಿಂತ ಕಪಾಟಿಗೆ ಗಂಡ ಹೆಂಡತಿ ಸೀರೆ ಜೋಡಿಸುತ್ತಿದ್ದರು. ಇಟ್ಟ ಸೀರೆಯೆಲ್ಲ ಒಂದೇ ಮೂಲೆಗೆ ಜಾರುತ್ತಿತ್ತು. “ಇದೆಂತದಪ್ಪ,” ಎಂದ ಮಮ್ಮು. ಸೈನಬ ಅವನ ತೋಳು ಹಿಡಿದು ಕೆಳಗೆ ಕರೆದುಕೊಂಡು ಹೋದಳು.

ಸೋಮವಾರ ಸಂಜೆ ಐದು ಐವತ್ತಕ್ಕೆ ಸಾಧನಾ ವೇಣೂರಿನಲ್ಲಿ ಬಸ್ಸಿಳಿದಳು. ಕೈಯಲ್ಲಿದ್ದದ್ದು ಬರೇ ವ್ಯಾನಿಟಿ ಬ್ಯಾಗು. ಎದುರಿನ ಅಂಗಡಿಯ ಬೆಂಚಿನಲ್ಲಿ ರಿಷಭ್ ಮೂರು ಅಂತಸ್ತಿನ ಬುತ್ತಿಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸುಗಳ ಬೋರ್ಡು ಓದುತ್ತ ಕೂತಿದ್ದ. ಅವಳು ಕಂಡ ಕೂಡಲೇ ಎದ್ದು ನಿಂತ.

“ರುಕ್ಮಯ್ಯ ಆಚಾರಿಯನ್ನು ಬೆಳಿಗ್ಗೆ ಕರೆಸಿದ್ದೆ,” ಎಂದ. “ಕಾಲನ್ನು ನಾಲ್ಕಿಂಚು ಕತ್ತರಿಸಿದ್ರೆ ಕಪಾಟು ನೇರ ನಿಲ್ತದಂತೆ. ನಾಳೆ ಬರ್ಲಿಕ್ಕೆ ಹೇಳ್ಲಾ?”

ಸಾಧನಾ ಬುತ್ತಿಯ ಮುಚ್ಚಳ ತೆಗೆದಳು. ಪಲ್ಯ ತಳ ಹಿಡಿದ ವಾಸನೆ ಬರುತ್ತಿತ್ತು. ಬೆಂಚಿನಲ್ಲಿ ಅವನಿಗೆ ಒತ್ತಿ ಕೂತು, ಮೊದಲ ತುತ್ತನ್ನು ಅವನ ಕಡೆಗೆ ಹಿಡಿದಳು.

“ಇನ್ನು ಸ್ವಲ್ಪ ದಿನ ಹಾಗೇ ಇರ್ಲಿ,” ಎಂದಳು. “ಬೇಗ ಉಣ್ಣಿ. ಹೊತ್ತು ಮುಳುಗ್ತದೆ.”